ವೈಶೇಷಿಕ ಅಂದ್ರೆ ಬರೀ ಪರಮಾಣುವಾದವೇ?

ಪ್ರಶ್ನೆ: ಕಣಾದ ಮಹರ್ಷಿ ಸಾವಿರಾರು ವರ್ಷಗಳ ಹಿಂದೆಯೇ ಅಣುವನ್ನು ಕಂಡುಹಿಡಿದರು ಎಂದು ಎಲ್ಲೆಡೆ ಓದುತ್ತೇನೆ. ವೈಶೇಷಿಕ ದರ್ಶನ ಅಂದ್ರೆ ಇಷ್ಟೇನಾ? ಕಲ್ಲು, ನೀರು, ಬೆಂಕಿಯ ಬಗ್ಗೆ ಮಾತಾಡುವ ಶಾಸ್ತ್ರ ಮೋಕ್ಷದ ದಾರಿ ಹೇಗಾಗುತ್ತದೆ? ಸಂಸ್ಕೃತ ಅಷ್ಟಾಗಿ ಬಾರದವರು ಇದನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಉತ್ತರ: ಇಷ್ಟೇ ಅಲ್ಲ. ಪರಮಾಣುವಿನಿಂದ ಶುರು ಮಾಡಿದರೆ ಈ ದರ್ಶನ ಸರಿಯಾಗಿ ಕೈಗೆ ಸಿಗುವುದೂ ಇಲ್ಲ. ವೈಶೇಷಿಕರ ಮೊದಲ ಪ್ರಶ್ನೆ ಇದು: ಪ್ರಪಂಚದಲ್ಲಿ ನಿಜವಾಗಿ ಏನೇನು ಇದೆ? ಇರುವುದನ್ನೆಲ್ಲ ವಿಂಗಡಿಸಿದರೆ ಎಷ್ಟು ಬಗೆ ಸಿಗುತ್ತದೆ? ಒಂದನ್ನೂ ಬಿಡಬಾರದು. ಒಂದನ್ನೇ ಎರಡು ಸಲ ಎಣಿಸಬಾರದು. ಪರಮಾಣು ಬರುವುದು ಈ ಲೆಕ್ಕದ ನಡುವೆ ಎಲ್ಲೋ ಒಂದು ಕಡೆ.

ಮೊದಲು ಕಣಾದರ ಬಗ್ಗೆ ಎರಡು ಮಾತು. ಅವರಿಗೆ ಉಲೂಕ, ಕಾಶ್ಯಪ ಎಂಬ ಹೆಸರುಗಳೂ ಇವೆ. ಅದಕ್ಕೇ 14ನೇ ಶತಮಾನದ 'ಸರ್ವದರ್ಶನಸಂಗ್ರಹ' ಈ ಮತವನ್ನು ಔಲೂಕ್ಯ ದರ್ಶನ ಎಂದು ಕರೆಯುತ್ತದೆ. ಹೊಲದಲ್ಲಿ ಉದುರಿದ ಕಾಳು ಆಯ್ದು ತಿಂದು ಬದುಕುತ್ತಿದ್ದರು ಎಂಬ ಕಥೆ ಇದೆ. ಅದು ಕಥೆ, ಇತಿಹಾಸವಲ್ಲ. ಅವರ ಹೆಸರಿನಲ್ಲಿರುವ ವೈಶೇಷಿಕ ಸೂತ್ರ ಹತ್ತು ಅಧ್ಯಾಯಗಳ ಪುಟ್ಟ ಗ್ರಂಥ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳು ಮತ್ತು ಕ್ರಿಸ್ತಶಕದ ಮೊದಲ ಶತಮಾನಗಳ ನಡುವೆ ಅದು ಈಗಿನ ರೂಪ ಪಡೆಯಿತು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇಂಥದ್ದೇ ಇಸವಿ ಎಂದು ಖಚಿತವಾಗಿ ಹೇಳುವ ಮೊಬೈಲ್ ಸಂದೇಶಗಳಿಗೆ ಆಧಾರವಿಲ್ಲ. ಸುಮಾರು 6ನೇ ಶತಮಾನದಲ್ಲಿ ಪ್ರಶಸ್ತಪಾದರು 'ಪದಾರ್ಥಧರ್ಮಸಂಗ್ರಹ' ಬರೆದರು. ನಾವು ಇಂದು ವೈಶೇಷಿಕ ಎಂದು ಕಲಿಯುವುದರಲ್ಲಿ ಜಾಸ್ತಿ ಪಾಲು ಅವರದೇ.

ಈಗ ಆ ಲೆಕ್ಕಕ್ಕೆ ಬರೋಣ. ಒಂದು ಸಣ್ಣ ವಾಕ್ಯ ತೆಗೆದುಕೊಳ್ಳಿ: "ಕೆಂಪು ಮಡಕೆ ಉರುಳುತ್ತಿದೆ." ಈ ಮಾತು ನಿಜವಾಗಬೇಕಾದರೆ ಹೊರಗೆ ಏನೇನು ಇರಬೇಕು? ಮಡಕೆ ಇರಬೇಕು. ಅದು ದ್ರವ್ಯ. ಕೆಂಪು ಇರಬೇಕು. ಅದು ಗುಣ. ಉರುಳುವಿಕೆ ಇರಬೇಕು. ಅದು ಕರ್ಮ. ಇಲ್ಲಿ ಕರ್ಮ ಅಂದ್ರೆ ಚಲನೆ ಅಷ್ಟೇ, ಪಾಪಪುಣ್ಯದ ಕರ್ಮ ಅಲ್ಲ. ಲೆಕ್ಕ ಇನ್ನೂ ಮುಗಿದಿಲ್ಲ. ಈ ಮಡಕೆಯನ್ನೂ ಇನ್ನೊಂದನ್ನೂ ನಾವು ಮಡಕೆ ಎಂದೇ ಗುರುತಿಸುತ್ತೇವೆ. ಎಲ್ಲ ಮಡಕೆಗಳಲ್ಲೂ ಒಂದೇ ಆಗಿರುವ ಮಡಕೆತನ ಇರಬೇಕು. ಅದು ಸಾಮಾನ್ಯ. ಕೊನೆಗೆ, ಕೆಂಪು ಬಣ್ಣ ಮಡಕೆಯ ಪಕ್ಕದಲ್ಲಿ ಬಿದ್ದಿಲ್ಲ, ಮಡಕೆಯಲ್ಲೇ ಇದೆ. ಬಿಡಿಸಲಾಗದ ಆ ನಂಟೇ ಸಮವಾಯ.

ಇವು ಐದು ಪದಾರ್ಥಗಳು, ಅಂದ್ರೆ ಇರುವುದರ ಬಗೆಗಳು. ಆರನೆಯದು ವಿಶೇಷ. ದರ್ಶನಕ್ಕೆ ಹೆಸರು ಬಂದದ್ದು ಇದರಿಂದಲೇ ಎಂದು ಸಂಪ್ರದಾಯ ಹೇಳುತ್ತದೆ. ಎರಡು ಮಡಕೆಗಳನ್ನು ಬಣ್ಣದಿಂದಲೋ ಆಕಾರದಿಂದಲೋ ಬೇರೆ ಮಾಡಿ ಹೇಳಬಹುದು. ಏನೂ ಸಿಗದಿದ್ದರೆ ಅವುಗಳ ಚೂರುಗಳೇ ಬೇರೆ ಎನ್ನಬಹುದು. ಆದರೆ ಮಣ್ಣಿನ ಎರಡು ಪರಮಾಣುಗಳಿಗೆ ಚೂರುಗಳೇ ಇಲ್ಲ, ಗುಣಗಳೂ ಒಂದೇ ಜಾತಿಯವು. ಹಾಗಿದ್ದರೂ ಅವು ಎರಡು. ಯಾವುದರಿಂದ ಎರಡು? ಪ್ರತಿ ನಿತ್ಯದ್ರವ್ಯದಲ್ಲೂ, ಅಂದ್ರೆ ಹುಟ್ಟುಸಾವಿಲ್ಲದ ದ್ರವ್ಯದಲ್ಲೂ, ಅದನ್ನು ಬೇರೆಲ್ಲದರಿಂದ ಬೇರೆ ಮಾಡುವ ಒಂದು ವಿಶೇಷ ಇದೆ ಎಂಬುದು ಉತ್ತರ. 16ನೇ ಶತಮಾನದ ನವ್ಯನೈಯಾಯಿಕ (ನ್ಯಾಯ ದರ್ಶನದ ಹೊಸ ಪಂಥದವರು) ರಘುನಾಥ ಶಿರೋಮಣಿ ಇದನ್ನು ಒಪ್ಪಲಿಲ್ಲ. ಆ ವಿಶೇಷಗಳು ತಮ್ಮಷ್ಟಕ್ಕೇ ಬೇರೆ ಬೇರೆ ಆಗಿರಬಹುದಾದರೆ ಪರಮಾಣುಗಳೇ ಹಾಗಿರಬಾರದೇಕೆ ಎಂಬುದು ಇದಕ್ಕೆ ಬಂದ ಆಕ್ಷೇಪ. ನನಗೂ ಆ ಆಕ್ಷೇಪ ಬಲವಾದದ್ದು ಎಂದೇ ಕಾಣುತ್ತದೆ. ಪ್ರಶ್ನೆ ಮಾತ್ರ ಸಾಚಾ.

ಆಮೇಲಿನವರು ಏಳನೆಯದಾಗಿ ಅಭಾವವನ್ನು ಸೇರಿಸಿದರು. "ನೆಲದ ಮೇಲೆ ಮಡಕೆ ಇಲ್ಲ" ಎಂಬ ಮಾತೂ ನಿಜವಾಗಬಹುದು, ಅಲ್ವಾ? ನಿಜವಾದ ಮಾತಿಗೆ ಹೊರಗೆ ಏನಾದರೂ ಆಸರೆ ಇರಲೇಬೇಕು ಎಂಬ ಹಟ ಬಿಡದಿದ್ದರೆ ಇಲ್ಲದಿರುವಿಕೆಯನ್ನೂ ಪಟ್ಟಿಗೆ ಸೇರಿಸಬೇಕಾಗುತ್ತದೆ. ಅದರಲ್ಲಿ ನಾಲ್ಕು ಬಗೆ. ಮಡಕೆ ಹುಟ್ಟುವ ಮೊದಲು ಇಲ್ಲದ್ದು ಪ್ರಾಗಭಾವ. ಒಡೆದ ಮೇಲೆ ಇಲ್ಲದ್ದು ಪ್ರಧ್ವಂಸಾಭಾವ. ಗಾಳಿಯಲ್ಲಿ ಬಣ್ಣ ಯಾವತ್ತೂ ಇಲ್ಲ, ಅದು ಅತ್ಯಂತಾಭಾವ. ಮಡಕೆ ಬಟ್ಟೆಯಲ್ಲ ಎಂಬುದು ಅನ್ಯೋನ್ಯಾಭಾವ. ಚಂದ್ರಮತಿ ಎಂಬ ಆಚಾರ್ಯರು ಪದಾರ್ಥಗಳನ್ನು ಹತ್ತಕ್ಕೆ ಏರಿಸಿದ್ದರು. ಅವರ 'ದಶಪದಾರ್ಥಶಾಸ್ತ್ರ'ದ ಸಂಸ್ಕೃತ ಮೂಲ ಕಳೆದುಹೋಗಿದೆ. 648ರಲ್ಲಿ ಹ್ಯುಯೆನ್ ತ್ಸಾಂಗ್ ಮಾಡಿದ ಚೀನೀ ಅನುವಾದದಲ್ಲಿ ಮಾತ್ರ ಉಳಿದಿದೆ. ಬೌದ್ಧ ಯಾತ್ರಿಕನೊಬ್ಬ ಎದುರಾಳಿಗಳ ಗ್ರಂಥವನ್ನು ಅಷ್ಟು ಶ್ರದ್ಧೆಯಿಂದ ತನ್ನ ಭಾಷೆಗೆ ತಂದ ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ.

ಪ್ರಶಸ್ತಪಾದರದ್ದು ಒಂದು ಮಾತಿದೆ. ಆರೂ ಪದಾರ್ಥಗಳಿಗೆ ಅಸ್ತಿತ್ವ, ಅಭಿಧೇಯತ್ವ, ಜ್ಞೇಯತ್ವ ಎಂಬ ಮೂರು ಸಮಾನ ಧರ್ಮಗಳಿವೆ ಎನ್ನುತ್ತಾರೆ. ಅಂದ್ರೆ ಅದು ಇದೆ, ಅದಕ್ಕೆ ಹೆಸರಿಡಬಹುದು, ಅದನ್ನು ತಿಳಿಯಬಹುದು. ಇಡೀ ದರ್ಶನ ಈ ಮಾತಿನ ಮೇಲೆ ನಿಂತಿದೆ. ಇರುವ ಯಾವುದೂ ತಿಳಿವಿಗೆ ಪೂರ್ತಿ ಹೊರಗಿಲ್ಲ, ಮಾತಿಗೂ ಹೊರಗಿಲ್ಲ. ಅದ್ವೈತಿಗಳು ಮಾತಿಗೆ ನಿಲುಕದ ಬ್ರಹ್ಮದ ಬಗ್ಗೆ ಹೇಳುತ್ತಾರೆ. ದಿಙ್ನಾಗನಂಥ ಬೌದ್ಧರು ಮಾತು ಮುಟ್ಟುವುದು ಕಲ್ಪನೆಯನ್ನು ಮಾತ್ರ ಎನ್ನುತ್ತಾರೆ. ಇಬ್ಬರ ಎದುರಿಗೂ ವೈಶೇಷಿಕರು ನಿಂತು, ಲೋಕ ಕಾಣುವ ಹಾಗೆಯೇ ಇದೆ ಎಂದು ವಾದಿಸಿದರು. ನಾವು ಸುಮ್ನೆ ನೋಡುವ ಪ್ರಪಂಚವನ್ನು ಅಷ್ಟು ಗೌರವದಿಂದ ಕಂಡ ದರ್ಶನಗಳು ಕಡಿಮೆ. ನನಗೆ ವೈಶೇಷಿಕದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ದ್ರವ್ಯಗಳು ಒಂಬತ್ತು: ಮಣ್ಣು, ನೀರು, ತೇಜಸ್ಸು (ಬೆಂಕಿ, ಬೆಳಕು), ಗಾಳಿ, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಕತ್ತಲೆ ಹತ್ತನೆಯ ದ್ರವ್ಯ ಎಂದು ಭಾಟ್ಟ ಮೀಮಾಂಸಕರು, ಅಂದ್ರೆ ಕುಮಾರಿಲ ಭಟ್ಟರ ಪಂಥದವರು, ವಾದಿಸಿದರು. ವೈಶೇಷಿಕರು ಅದನ್ನು ಬೆಳಕಿನ ಅಭಾವ ಎಂದು ತಳ್ಳಿಹಾಕಿದರು. ಗುಣಗಳು ಸೂತ್ರದಲ್ಲಿ 17, ಪ್ರಶಸ್ತಪಾದರಲ್ಲಿ 24. ಬಣ್ಣ, ರುಚಿ, ವಾಸನೆ, ಸ್ಪರ್ಶ ಇರುವ ಈ ಪಟ್ಟಿಯಲ್ಲೇ ಸುಖ, ದುಃಖ, ಇಚ್ಛೆ, ದ್ವೇಷವೂ ಇವೆ. ಇವು ಆತ್ಮದ ಗುಣಗಳು. ಇದನ್ನು ನೆನಪಿಡಿ, ಮೋಕ್ಷದ ಮಾತು ಬಂದಾಗ ಬೇಕಾಗುತ್ತದೆ.

ಮನಸ್ಸಿನ ಬಗ್ಗೆಯೂ ಒಂದು ಮಾತು. ಅದು ಅಣುವಿನಷ್ಟೇ ಗಾತ್ರದ್ದು ಎನ್ನುತ್ತಾರೆ. ಯಾಕೆ? ಕಣ್ಣು, ಕಿವಿ, ಮೂಗು ಎಲ್ಲವೂ ಏಕಕಾಲಕ್ಕೆ ತಮ್ಮ ವಿಷಯಗಳಿಗೆ ತಗಲಿರುತ್ತವೆ. ಆತ್ಮ ಎಲ್ಲೆಡೆ ವ್ಯಾಪಿಸಿದೆ. ಆದರೂ ಎಲ್ಲ ಅರಿವೂ ಒಟ್ಟಿಗೆ ಹುಟ್ಟುವುದಿಲ್ಲ. ಹಾಗಾದರೆ ನಡುವೆ ಒಂದು ಸಾಧನ ಇರಬೇಕು. ಅದು ಒಂದು ಸಲಕ್ಕೆ ಒಂದೇ ಇಂದ್ರಿಯವನ್ನು ಮುಟ್ಟುವಷ್ಟು ಚಿಕ್ಕದಿರಬೇಕು. ಓದುತ್ತಿರುವಾಗ ಪಕ್ಕದವರ ಮಾತು ಕಿವಿಗೆ ಬಿದ್ದರೂ ಕೇಳದೇ ಹೋಗುವ ಅನುಭವಕ್ಕೆ ಅವರು ಕೊಟ್ಟ ವಿವರಣೆ ಇದು.

ಇನ್ನು ನೀವು ಕೇಳಿದ ಪರಮಾಣು. ಬಟ್ಟೆಗೆ ನೂಲು, ನೂಲಿಗೆ ಎಳೆ, ಹೀಗೆ ಒಡೆಯುತ್ತಾ ಹೋದರೆ ಎಲ್ಲಾದರೂ ನಿಲ್ಲಬೇಕು. ನಿಲ್ಲದಿದ್ದರೆ ಏನಾಗುತ್ತದೆ? ಮೇರು ಪರ್ವತಕ್ಕೂ ಕೊನೆಯಿಲ್ಲದಷ್ಟು ಚೂರು, ಸಾಸಿವೆ ಕಾಳಿಗೂ ಕೊನೆಯಿಲ್ಲದಷ್ಟು ಚೂರು. ಆಗ ಎರಡರ ಗಾತ್ರವೂ ಒಂದೇ ಆಗಬೇಕಾದೀತು. ಹಾಗಾಗುವುದಿಲ್ಲವಾದ್ದರಿಂದ ಒಡೆಯಲಾಗದ ಕೊನೆಯ ಚೂರು ಇದೆ. ಮಣ್ಣು, ನೀರು, ತೇಜಸ್ಸು, ಗಾಳಿ ಈ ನಾಲ್ಕಕ್ಕೆ ಪರಮಾಣುಗಳಿವೆ. ಆಕಾಶಕ್ಕೆ ಇಲ್ಲ. ಎರಡು ಪರಮಾಣು ಸೇರಿ ದ್ವ್ಯಣುಕ. ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಟಕಿಯಿಂದ ಬರುವ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವೇ ತ್ರ್ಯಣುಕ, ಕಣ್ಣಿಗೆ ಕಾಣುವುದರಲ್ಲಿ ಅದೇ ಅತಿ ಚಿಕ್ಕದು. ಅದರ ಆರನೆಯ ಒಂದು ಪಾಲು ಪರಮಾಣು ಎಂದು ಹಳೆಯ ಶ್ಲೋಕವೊಂದು ಹೇಳುತ್ತದೆ.

ಇಲ್ಲಿ ಒಂದು ತೊಡಕು ಬರುತ್ತದೆ. ಕಾಣದಷ್ಟು ಚಿಕ್ಕ ಚೂರುಗಳು ಸೇರಿ ಕಾಣುವಷ್ಟು ದೊಡ್ಡದು ಹೇಗೆ ಆಯಿತು? ಅವಯವದ, ಅಂದ್ರೆ ಚೂರಿನ, ಗಾತ್ರ ತನ್ನ ಜಾತಿಯದೇ ಆದ, ತನಗಿಂತ ಜಾಸ್ತಿಯಾದ ಗಾತ್ರವನ್ನು ಹುಟ್ಟಿಸುತ್ತದೆ ಎಂಬುದು ಅವರ ನಿಯಮ. ದೊಡ್ಡದರಿಂದ ಇನ್ನೂ ದೊಡ್ಡದು. ಅದೇ ಲೆಕ್ಕದಲ್ಲಿ ಚಿಕ್ಕದರಿಂದ ಇನ್ನೂ ಚಿಕ್ಕದೇ ಹುಟ್ಟಬೇಕು! ಹಾಗಾಗಿ ತ್ರ್ಯಣುಕದ ದೊಡ್ಡತನಕ್ಕೆ ಕಾರಣ ಅದರ ಅವಯವಗಳ ಗಾತ್ರವಲ್ಲ, ಅವು ಮೂರು ಎಂಬ ಸಂಖ್ಯೆ ಎಂದರು. ಸಂಖ್ಯೆಯೂ ಒಂದು ಗುಣ. ಆದರೆ ಎರಡು, ಮೂರು ಎಂಬ ಸಂಖ್ಯೆಗಳು ಹುಟ್ಟಲು "ಇದೊಂದು, ಇದೊಂದು" ಎಂದು ಎಣಿಸುವ ಬುದ್ಧಿ ಬೇಕು. ಅದರ ಹೆಸರು ಅಪೇಕ್ಷಾಬುದ್ಧಿ. ಪರಮಾಣುಗಳನ್ನು ಎಣಿಸುವವರು ಯಾರು? ಈಶ್ವರ ಎಂದರು ಪ್ರಶಸ್ತಪಾದರು. ಸೂತ್ರಗಳಲ್ಲಿ ಈಶ್ವರನ ಮಾತು ಸ್ಪಷ್ಟವಾಗಿ ಎಲ್ಲೂ ಇಲ್ಲ. ಗಾತ್ರದ ಪ್ರಶ್ನೆಯೊಂದನ್ನು ಕೊನೆಯವರೆಗೂ ಬೆನ್ನಟ್ಟಿದಾಗ ದೇವರ ತನಕ ಬಂದು ನಿಂತದ್ದು ನೋಡಿ.

ಪರಮಾಣುವಾದಕ್ಕೆ ಬಿದ್ದ ಪೆಟ್ಟುಗಳೂ ಸಣ್ಣವಲ್ಲ. ಬೌದ್ಧ ಆಚಾರ್ಯ ವಸುಬಂಧು ಕೇಳಿದ: ಒಂದು ಪರಮಾಣುವಿಗೆ ಆರು ದಿಕ್ಕಿನಿಂದ ಆರು ಪರಮಾಣುಗಳು ತಗಲಿದರೆ ಅದಕ್ಕೆ ಆರು ಬದಿಗಳಾದವಲ್ಲ? ಬದಿಗಳಿದ್ದರೆ ಚೂರುಗಳೂ ಇವೆ. ಚೂರುಗಳಿಲ್ಲದಿದ್ದರೆ ಆರೂ ಒಂದೇ ಜಾಗದಲ್ಲಿ ಸೇರಿಹೋಗುತ್ತವೆ, ಗುಡ್ಡೆ ಬೆಳೆಯುವುದೇ ಇಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಸಮವಾಯವನ್ನೇ ಹಿಡಿದರು. ಬಣ್ಣವೂ ಮಡಕೆಯೂ ಬೇರೆ, ಅವನ್ನು ಕೂಡಿಸಲು ಸಮವಾಯ ಬೇಕು. ಸಮವಾಯ ಅವೆರಡರಿಂದಲೂ ಬೇರೆ. ಅದನ್ನು ಅವಕ್ಕೆ ಕೂಡಿಸಲು ಇನ್ನೊಂದು ನಂಟು ಬೇಡವೇ? ಹೀಗೆ ಕೊನೆಯೇ ಇರುವುದಿಲ್ಲ. ಸಮವಾಯ ತನ್ನ ಸ್ವರೂಪದಿಂದಲೇ ಅಂಟಿಕೊಳ್ಳುತ್ತದೆ, ಅದಕ್ಕೆ ಬೇರೆ ನಂಟು ಬೇಡ ಎಂದು ವೈಶೇಷಿಕರು ಉತ್ತರಿಸಿದರು. ಅಂಥ ಸ್ವರೂಪವನ್ನು ಬಣ್ಣಕ್ಕೇ ಕೊಟ್ಟಿದ್ದರೆ ಸಮವಾಯದ ಗೊಡವೆಯೇ ಇರುತ್ತಿರಲಿಲ್ಲ. ಈ ಜಾಗದಲ್ಲಿ ಅವರ ಗೋಡೆ ತೆಳುವಾಗಿದೆ ಎಂದು ನಾನು ಒಪ್ಪುತ್ತೇನೆ.

ಆದರೆ ಅವಯವಿಯ, ಅಂದ್ರೆ ಚೂರುಗಳು ಕೂಡಿ ಆದ ಇಡೀ ವಸ್ತುವಿನ, ವಿಷಯದಲ್ಲಿ ಅವರು ಗಟ್ಟಿ. ಬಟ್ಟೆ ಅಂದ್ರೆ ನೂಲುಗಳ ರಾಶಿ ಅಷ್ಟೇ ಎಂದರು ಬೌದ್ಧರು. ನೂಲಿನಲ್ಲಿ ಬಟ್ಟೆ ಮೊದಲೇ ಅಡಗಿತ್ತು ಎಂದರು ಸಾಂಖ್ಯರು. ಎರಡೂ ಅಲ್ಲ, ನೂಲುಗಳು ಕೂಡಿದಾಗ ಅವುಗಳಲ್ಲಿ ಹೊಸದೊಂದು ವಸ್ತು ಹುಟ್ಟಿತು ಎಂದರು ವೈಶೇಷಿಕರು. ಇದೇ ಆರಂಭವಾದ. ಮೈ ಮುಚ್ಚುವ ಕೆಲಸ ನೂಲಿನ ಉಂಡೆಯಿಂದ ಆಗುವುದಿಲ್ಲ. ಅಷ್ಟೊಂದು ನೂಲಿದ್ದರೂ "ಒಂದು ಬಟ್ಟೆ" ಎನ್ನುತ್ತೇವೆ. ಮೊದಲೇ ಇದ್ದರೆ ನೇಕಾರ ಮಾಡಿದ್ದಾದರೂ ಏನು? ಪರಮಾಣುಗಳು ಕಾಣುವುದಿಲ್ಲ. ಅವುಗಳ ರಾಶಿಯೇ ಎಲ್ಲವೂ ಆಗಿದ್ದರೆ ನಮಗೆ ಏನೂ ಕಾಣಬಾರದಿತ್ತು. ಈ ಕೊನೆಯ ವಾದ ನನಗೆ ತುಂಬಾ ಇಷ್ಟ.

ಈ ನಿಲುವಿಗೆ ಅವರು ಎಷ್ಟು ಬದ್ಧರಾಗಿದ್ದರು ಎಂಬುದಕ್ಕೆ ಒಂದು ಉದಾಹರಣೆ. ಹಸಿ ಮಡಕೆಯನ್ನು ಆವಿಗೆಯಲ್ಲಿ ಸುಟ್ಟರೆ ಕೆಂಪಾಗುತ್ತದೆ. ಹೇಗೆ? ಅವಯವಿಯ ಬಣ್ಣ ಅವಯವಗಳ ಬಣ್ಣದಿಂದಲೇ ಹುಟ್ಟಬೇಕು. ಹಾಗಾಗಿ ಬೆಂಕಿಯಲ್ಲಿ ಮಡಕೆ ಪರಮಾಣುಗಳವರೆಗೂ ಬಿಚ್ಚಿಕೊಳ್ಳುತ್ತದೆ, ಪರಮಾಣುಗಳ ಬಣ್ಣ ಬದಲಾಗುತ್ತದೆ, ಮತ್ತೆ ಕೂಡಿ ಹೊಸ ಮಡಕೆ ಹುಟ್ಟುತ್ತದೆ ಎಂದರು. ಇದು ಪೀಲುಪಾಕವಾದ. ಅವರ ಹತ್ತಿರದ ಸ್ನೇಹಿತರಾದ ನೈಯಾಯಿಕರೇ ಇದನ್ನು ಒಪ್ಪಲಿಲ್ಲ. ಮಡಕೆಯಲ್ಲಿ ಸಣ್ಣ ರಂಧ್ರಗಳಿವೆ, ಬೆಂಕಿ ಒಳಗೆ ಹೋಗುತ್ತದೆ, ಮಡಕೆ ಹಾಗೇ ಉಳಿಯುತ್ತದೆ ಎಂದರು.

ಇದನ್ನೆಲ್ಲ ನೋಡಿದರೆ ಕಣಾದರ ಪರಮಾಣು ಇಂದಿನ ರಸಾಯನಶಾಸ್ತ್ರದ ಅಣು ಅಲ್ಲ ಎಂಬುದು ತಿಳಿಯುತ್ತದೆ. ಅದು ಪ್ರಯೋಗದಿಂದ, ತೂಕದಿಂದ ಬಂದದ್ದಲ್ಲ, ತರ್ಕದಿಂದ ಬಂದದ್ದು. ನಾಲ್ಕು ಜಾತಿಗಳನ್ನು ಬೇರೆ ಮಾಡುವುದು ವಾಸನೆ, ರುಚಿ, ಬಣ್ಣ, ಸ್ಪರ್ಶ. ನ್ಯೂಟನ್ನನ ಮೂರು ನಿಯಮಗಳು ವೈಶೇಷಿಕ ಸೂತ್ರದಲ್ಲಿವೆ ಎಂದು ಹಂಚುವ ಸಾಲುಗಳೂ ಹಾಗೆಯೇ. ಅವು ಪ್ರಶಸ್ತಪಾದರು ವೇಗ ಎಂಬ ಸಂಸ್ಕಾರದ (ವಸ್ತುವಿನಲ್ಲಿ ಉಳಿಯುವ ಪ್ರಭಾವದ) ಬಗ್ಗೆ ಬರೆದ ಒಂದೇ ವಾಕ್ಯದ ತುಣುಕುಗಳು. ನಿಜವಾಗಿ ಸೂತ್ರದಲ್ಲಿರುವುದೇ ಸಾಕಷ್ಟು ಸೊಗಸಾಗಿದೆ. ಬಾಣದ ಮೊದಲ ಚಲನೆ ತಳ್ಳುವಿಕೆಯಿಂದ, ಮುಂದಿನದು ಆ ಚಲನೆ ಉಳಿಸಿದ ಸಂಸ್ಕಾರದಿಂದ, ಸಂಸ್ಕಾರ ಮುಗಿದಾಗ ಭಾರದಿಂದ ಬೀಳುವಿಕೆ. ಅದನ್ನು ಅದರದೇ ಮಾತಿನಲ್ಲಿ ಓದಿ. ಇನ್ನೊಬ್ಬರ ಹೆಸರು ಅಂಟಿಸಿದರೆ ಕಣಾದರ ಯೋಚನೆಯೇ ಕಾಣದೆ ಹೋಗುತ್ತದೆ.

ಈಗ ಮೋಕ್ಷ. ಸೂತ್ರಗಳು ಧರ್ಮವನ್ನು ವಿವರಿಸುತ್ತೇವೆ ಎಂದು ಶುರುವಾಗುತ್ತವೆ. ಯಾವುದರಿಂದ ಅಭ್ಯುದಯವೂ (ಏಳಿಗೆ) ನಿಃಶ್ರೇಯಸವೂ (ಮೋಕ್ಷ) ಸಿದ್ಧಿಸುತ್ತದೋ ಅದು ಧರ್ಮ ಎಂದು ಎರಡನೆಯ ಸೂತ್ರ. ಪದಾರ್ಥಗಳ ತತ್ತ್ವಜ್ಞಾನದಿಂದ ನಿಃಶ್ರೇಯಸ ಎಂದು ನೇರವಾಗಿ ಹೇಳುವ ಇನ್ನೊಂದು ಸೂತ್ರವನ್ನು ಎಲ್ಲರೂ ಉದ್ಧರಿಸುತ್ತಾರೆ. ಇಲ್ಲಿ ಒಂದು ಸ್ವಾರಸ್ಯ ಇದೆ. 1961ರಲ್ಲಿ ಜೈನ ಮುನಿ ಜಂಬೂವಿಜಯರು ಚಂದ್ರಾನಂದರ ಹಳೆಯ ವೃತ್ತಿಯನ್ನು, ಅಂದ್ರೆ ಸೂತ್ರಗಳ ವ್ಯಾಖ್ಯಾನವನ್ನು, ಬರೋಡದಿಂದ ಪ್ರಕಟಿಸಿದರು. ಅದರಲ್ಲಿರುವ ಸೂತ್ರಪಾಠದಲ್ಲಿ ಆ ಸೂತ್ರ ಇಲ್ಲ! ಅದುವರೆಗೆ ಜಾಸ್ತಿ ಓದುತ್ತಿದ್ದದ್ದು 15ನೇ ಶತಮಾನದ ಶಂಕರಮಿಶ್ರರ 'ಉಪಸ್ಕಾರ'ದ ಪಾಠ. ಹಾಗಾಗಿ ಪದಾರ್ಥಗಳ ಪಟ್ಟಿಗೂ ಮೋಕ್ಷಕ್ಕೂ ಅಷ್ಟು ನೇರ ಗಂಟು ಆಮೇಲೆ ಬಿದ್ದದ್ದು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಆದರೆ ಸಂಬಂಧವೇ ಇಲ್ಲ ಎನ್ನಲಾಗದು. ಅದು ಅದೃಷ್ಟದ ಮೂಲಕ ಬರುತ್ತದೆ. ಇಲ್ಲಿ ಅದೃಷ್ಟ ಅಂದ್ರೆ ಕಣ್ಣಿಗೆ ಕಾಣದ ಕಾರಣ, ಒಳ್ಳೆಯ ನಸೀಬು ಅಲ್ಲ. ಸೂಜಿ ಅಯಸ್ಕಾಂತದತ್ತ ಯಾಕೆ ಸರಿಯುತ್ತದೆ? ಬೆಂಕಿ ಯಾಕೆ ಮೇಲಕ್ಕೇ ಉರಿಯುತ್ತದೆ? ಸೃಷ್ಟಿಯ ಮೊದಲಲ್ಲಿ ಪರಮಾಣುಗಳನ್ನು ಅಲುಗಿಸಿದ್ದು ಯಾವುದು? ಕಾಣುವ ಕಾರಣ ಸಿಗದ ಕಡೆಯೆಲ್ಲ ಅದೃಷ್ಟವೇ ಕಾರಣ ಎಂದರು. ನಾವು ಮಾಡಿದ ಧರ್ಮ, ಅಧರ್ಮಗಳು ಆತ್ಮದಲ್ಲಿ ಉಳಿಸುವ ಶಕ್ತಿಯೂ ಅದೇ. ಆತ್ಮ ಮನಸ್ಸಿನೊಡನೆ, ದೇಹದೊಡನೆ ಮತ್ತೆ ಮತ್ತೆ ಕೂಡುವುದು ಅದರಿಂದಲೇ. ದೇಹ ಬೇರೆ, ಮನಸ್ಸು ಬೇರೆ, ನಾನು ಬೇರೆ ಎಂದು ಪದಾರ್ಥಗಳನ್ನು ಸರಿಯಾಗಿ ವಿಂಗಡಿಸಿ ನೋಡಿದವನಿಗೆ ರಾಗ, ದ್ವೇಷ ಕಳಚುತ್ತವೆ. ಅವಿಲ್ಲದೆ ಮಾಡಿದ ಕೆಲಸ ಹೊಸ ಅದೃಷ್ಟವನ್ನು ಕೂಡಿಹಾಕುವುದಿಲ್ಲ. ಹಳೆಯದು ಅನುಭವಿಸಿ ತೀರುತ್ತದೆ. ಅದು ತೀರಿದಾಗ ಕೂಡುವಿಕೆ ನಿಲ್ಲುತ್ತದೆ, ಮತ್ತೆ ಹುಟ್ಟಿಲ್ಲ.

ಆಗ ಆತ್ಮದಲ್ಲಿ ಏನು ಉಳಿಯುತ್ತದೆ? ಸುಖ, ದುಃಖ, ಅರಿವು, ಇಚ್ಛೆ, ದ್ವೇಷ, ಪ್ರಯತ್ನ, ಧರ್ಮ, ಅಧರ್ಮ, ಸಂಸ್ಕಾರ ಒಂಬತ್ತೂ ಹೋಗುತ್ತವೆ. ದುಃಖವಿಲ್ಲ, ಸುಖವೂ ಇಲ್ಲ, ಅರಿವೂ ಇಲ್ಲ. ಇಂಥ ಮೋಕ್ಷಕ್ಕಿಂತ ವೃಂದಾವನದ ಕಾಡಿನಲ್ಲಿ ನರಿಯಾಗಿ ಹುಟ್ಟುವುದೇ ಮೇಲು ಎಂದು ಹಳೆಯ ಶ್ಲೋಕವೊಂದು ಹಂಗಿಸುತ್ತದೆ. ನಗಿಸುವ ಮಾತೇ. ಆದರೆ ವೈಶೇಷಿಕರು ಇಲ್ಲೂ ತಮ್ಮ ಲೆಕ್ಕಕ್ಕೆ ಮೋಸ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಸುಖ ಒಂದು ಗುಣ. ಅದು ಹುಟ್ಟಲು ಕಾರಣಗಳು ಬೇಕು. ಕಾರಣಗಳು ಇಲ್ಲದ ಕಡೆ ಅದು ಇರಲಾರದು. ಜನರಿಗೆ ಇಷ್ಟವಾಗಲಿ ಎಂದು ಮೋಕ್ಷದಲ್ಲಿ ಆನಂದವನ್ನು ತಂದಿಡಲು ಅವರು ಒಪ್ಪಲಿಲ್ಲ.

ಕೊನೆಯ ಪ್ರಶ್ನೆ, ಓದು. ಸೂತ್ರಗಳಿಂದ ಶುರು ಮಾಡಬೇಡಿ. ಎರಡು, ಮೂರು ಪದಗಳ ಸೂತ್ರಗಳು ವ್ಯಾಖ್ಯಾನವಿಲ್ಲದೆ ತೆರೆಯುವುದಿಲ್ಲ. 17ನೇ ಶತಮಾನದ ಅನ್ನಂಭಟ್ಟರ 'ತರ್ಕಸಂಗ್ರಹ' ಮೊದಲು ಓದಿ. ತೀರ ಚಿಕ್ಕದು. ಏಳು ಪದಾರ್ಥಗಳೂ ಅದರಲ್ಲಿವೆ. ಒಂದು ಎಚ್ಚರ: ಅದು ನ್ಯಾಯ, ವೈಶೇಷಿಕ ಎರಡನ್ನೂ ಬೆರೆಸಿದ ಪುಸ್ತಕ. ಅದರಲ್ಲಿ ನಾಲ್ಕು ಪ್ರಮಾಣಗಳಿವೆ, ಅಂದ್ರೆ ಸರಿಯಾಗಿ ತಿಳಿಯುವ ಸಾಧನಗಳು. ಹಳೆಯ ವೈಶೇಷಿಕರಿಗೆ ಪ್ರತ್ಯಕ್ಷ, ಅನುಮಾನ (ಕಂಡದ್ದರಿಂದ ಕಾಣದ್ದನ್ನು ತರ್ಕದಿಂದ ತಿಳಿಯುವುದು) ಎರಡೇ. ಆಮೇಲೆ ಪ್ರಶಸ್ತಪಾದರು, ಜೊತೆಗೆ ಅವರ ಗ್ರಂಥಕ್ಕೆ 991ರಲ್ಲಿ ಶ್ರೀಧರರು ಬರೆದ ವ್ಯಾಖ್ಯಾನ 'ನ್ಯಾಯಕಂದಲೀ'. ಸೂತ್ರಗಳಿಗೆ ಬಂದಾಗ ಚಂದ್ರಾನಂದರ ವೃತ್ತಿಯನ್ನು ಕೈಯಲ್ಲಿಟ್ಟುಕೊಂಡು ಐದನೆಯ ಅಧ್ಯಾಯವನ್ನೇ ಮೊದಲು ತೆರೆಯಿರಿ. ನಿಮ್ಮ ಎರಡನೆಯ ಪ್ರಶ್ನೆ ಅಲ್ಲೇ ಇದೆ. ಒನಕೆ ಎತ್ತುವ ಕೈಯ ಚಲನೆಯಿಂದ ಅಧ್ಯಾಯ ಶುರುವಾಗುತ್ತದೆ. ಬಾಣ, ಮಳೆ, ಗುಡುಗು ಎಲ್ಲ ದಾಟಿ, ಅದೃಷ್ಟ ಇಲ್ಲವಾದಾಗ ಕೂಡುವಿಕೆಯೂ ಇಲ್ಲ, ಅದೇ ಮೋಕ್ಷ ಎಂಬ ಸೂತ್ರ ಅದೇ ಅಧ್ಯಾಯದಲ್ಲಿ ಬರುತ್ತದೆ.